ಓಟದ ಕೊನೆಗೊಂದು ಗೋಡೆ

ಸಂಗೊಳ್ಳಿಯ ಮರೆವ್ವನಿಗೆ ತಾನು ಕೇಳಿದ್ದಕ್ಕೆ ಉತ್ತರ ಸಿಗದಿದ್ದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಇದನ್ನು ಹೊಗಳಿಕೆ ಎಂದು ಯಾರೂ ತಿಳಿಯಬಾರದು. ಬೇಕಾದರೆ ಬೆಳಗಿನ ಬೈಲಹೊಂಗಲದ ಬಸ್ಸಿನಲ್ಲಿ ಅವಳ ಪಕ್ಕ ಕುಳಿತು ಬಂದವರನ್ನು ವಿಚಾರಿಸಿ ನೋಡಿ. ಬಸ್ಸು ಮುಂದಕ್ಕೆ ಹೋಗುತ್ತಿರುವಾಗ ಡ್ರೈವರನಿಗೆ ಹಿಂದೆ ನೋಡಲು ಅಷ್ಟೊಂದು ಕನ್ನಡಿ ಯಾಕೆ ಎಂದು ಅವನನ್ನೇ ಕೇಳಿದವಳು ಅವಳು. ಹೆಣ್ಣು ನೋಡಲು ಹೊರಟ ಬೀಗರನ್ನು ತಡೆದು, ಹುಡುಗಿಗೆ ಹುಡುಗ ಬೇಡವೆನಿಸಿದರೆ ಅಲ್ಲಿ ತಿಂದ ಚುರಮುರಿಯ ಗತಿಯೇನು ಎಂದು ಕೇಳಿದವಳೂ ಅವಳೇ.

"ಹೆಸರೇನೋ ಮರೆವ್ವ. ಒಂದ ಪ್ರಶ್ನೆನಾದ್ರೂ ಮರತಾಳೇನು ಕೇಳ್ರಿ," ಎಂದು ಗಂಡ ಕಾಡಪ್ಪ ಕಂಡವರ ಮುಂದೆ ಅಲವತ್ತುಕೊಳ್ಳುತ್ತಾನೆ. ಅವನು ಗೌಂಡಿ. ಸುತ್ತಲಿನ ಹಳ್ಳಿಗಳಲ್ಲಿ ಗೋಡೆ ಕಟ್ಟುವುದೇ ಅವನ ಕಸುಬು. ಕೆಲಸದಲ್ಲಿ ಕಲ್ಲು ಮಾತಾಡುವುದಿಲ್ಲ, ಮನೆಗೆ ಬಂದರೆ ಇವಳು ಬಿಡುವುದಿಲ್ಲ.

ಹತ್ತಿಯ ಸುಗ್ಗಿಯಲ್ಲಿ ಮರೆವ್ವ ಬೈಲಹೊಂಗಲದ ಒಂದು ಜಿನ್ನಿಂಗ್ ಮಿಲ್ಲಿಗೆ ಹೋಗುತ್ತಾಳೆ. ರಾಶಿಯ ಮುಂದೆ ಕುಳಿತು ಹತ್ತಿಯೊಳಗಿನ ಎಲೆಚೂರು, ಕಲೆ ಬಿದ್ದ ಎಳೆ, ಕಸಕಡ್ಡಿ ಆರಿಸುವ ಕೆಲಸ. ಸುಗ್ಗಿ ಮುಗಿದ ಮೇಲೆ ಮನೆಯಲ್ಲಿ ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡು ಬಟ್ಟೆ ಕೂಡಿಸಿ, ಸುತ್ತಲೂ ಸಣ್ಣ ಹೊಲಿಗೆ ಹಾಕುವ ಆ ವಿದ್ಯೆ ಅವಳಿಗೆ ತವರಿನದು. ತವರು ರಾಮದುರ್ಗದ ಕಡೆಯ ಕಟಕೋಳ. ಅಲ್ಲಿಂದ ಅವಳು ತಂದ ಇನ್ನೊಂದು ಪದ್ಧತಿ, ಕೌದಿಯ ಹೊಟ್ಟೆ ತುಂಬಿಸುವುದು. ಕೊನೆಯ ಮೂಲೆಯನ್ನು ಹೊಲಿದು ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ಇಡಬೇಕು. ಹಸಿದ ಕೌದಿ ಹೊದ್ದರೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲವಂತೆ. ಒಮ್ಮೆ ಮುಚ್ಚಿದ ಹೊಟ್ಟೆಯನ್ನು ಮತ್ತೆ ಬಿಚ್ಚಲೂಬಾರದು. ಯಾಕೆ ಎಂದು ಚಿಕ್ಕವಳಿದ್ದಾಗ ಅವ್ವನನ್ನು ಕೇಳಿ ಬೆನ್ನಿಗೆ ಗುದ್ದು ತಿಂದಿದ್ದಳು. ಉತ್ತರವಿಲ್ಲದೆ ಅವಳು ಒಪ್ಪಿಕೊಂಡ ಮಾತು ಇಡೀ ಜನ್ಮದಲ್ಲಿ ಅದೊಂದೇ.

ಇಂಥವಳ ಒಬ್ಬಳೇ ಮಗಳು ರೇಣು. ಓಡುತ್ತಾಳೆ. ಸಣ್ಣವಳಿದ್ದಾಗ ಬಸ್ಸು ತಪ್ಪಿದರೆ ಬಸ್ಸಿನ ಹಿಂದೆ ಓಡಿ ಮುಂದಿನ ಸ್ಟಾಪಿನಲ್ಲಿ ಹತ್ತಿದವಳು. ಸಾಲೆಯಲ್ಲಿ, ಕಾಲೇಜಿನಲ್ಲಿ, ಬೆಳಗಾವಿಯಲ್ಲಿ, ಬೆಂಗಳೂರಿನಲ್ಲಿ ನೂರು ಮೀಟರ್ ಓಡಿ ಕಪ್ಪು ತಂದಳು. ಕಾಡಪ್ಪ ಗೋಡೆಯಲ್ಲಿ ಬುದ್ಧನ ಪಟದ ಕೆಳಗೆ ಒಂದು ಹಲಗೆ ಕೂರಿಸಿಕೊಟ್ಟ. ಅದು ತುಂಬಿದ ಮೇಲೆ ಇನ್ನೊಂದು ಕೂರಿಸಿದ. ಮಗಳನ್ನು ಹೊಗಳಲು ಅವನಿಗೆ ಬರುತ್ತಿದ್ದ ರೀತಿ ಅಷ್ಟೇ.

ಆ ಚಳಿಗಾಲದಲ್ಲಿ ಸುದ್ದಿ ಬಂತು. ಏಷ್ಯಾದ ದೇಶಗಳೆಲ್ಲ ಸೇರುವ ಒಳಾಂಗಣ ಚಾಂಪಿಯನ್‌ಷಿಪ್ಪಿಗೆ, ಹೆಂಗಸರ ಅರವತ್ತು ಮೀಟರ್ ಓಟಕ್ಕೆ ರೇಣು ಆಯ್ಕೆಯಾಗಿದ್ದಳು. ನಡೆಯುವ ಊರಿನ ಹೆಸರು ಮರೆವ್ವನ ನಾಲಿಗೆಗೆ ಒಂದು ಸಲವೂ ಸರಿಯಾಗಿ ಹೊರಳಲಿಲ್ಲ. ಹಿಮ ಬೀಳುವ ಊರು ಎಂದು ತಿಳಿದ ಮೇಲೆ ಅವಳ ಮಟ್ಟಿಗೆ ಅದು 'ಬರ್ಫಿನ ಊರು' ಆಯಿತು.

ಸುದ್ದಿ ತಂದವರು ರೇಣುವಿನ ತರಬೇತುದಾರ ಸಂಜೀವ. ಕಿತ್ತೂರಿನ ಕಡೆಯವರು. ಅಜ್ಜ ಪುರಾಣ ಓದಿದವರು, ಅಪ್ಪ ಸಂಸ್ಕೃತ ಕಲಿಸಿದವರು. ಇವರು ಸೀಟಿ ಊದುತ್ತಾರೆ. ಅವರು ಚಹಾದ ಕಪ್ಪು ಬಾಯಿಗೆ ಒಯ್ಯುವಷ್ಟರಲ್ಲಿ ಮರೆವ್ವ ಶುರು ಮಾಡಿದಳು.

"ಒಳಗ ಓಡೂದು ಅಂದ್ರ ಮನಿಯೊಳಗೇನ್ರಿ?"

"ಮನೀ ಅಲ್ಲವಾ, ದೊಡ್ಡ ಹಾಲ್. ಮ್ಯಾಲೆ ಛತ್ತು ಅದ."

"ಓಟ ಮುಗದ ಮ್ಯಾಲ ಎಲ್ಲಿ ಹೋಗತಾರ? ಬಯಲಾಗಿದ್ರ ಹಂಗ ಮುಂದ ಓಡಿ ನಿಂದರತಾರ. ಅಲ್ಲಿ?"

ಸಂಜೀವ ಕಪ್ಪು ಕೆಳಗಿಟ್ಟರು. ಅವರು ಹೇಳಲು ಬಂದಿದ್ದೇ ಅದನ್ನು. "ಅಲ್ಲಿ ಗೋಡೆ ಅದ," ಎಂದರು. ಗೆರೆ ದಾಟಿದ ಸ್ವಲ್ಪದರಲ್ಲೇ ಗೋಡೆ. ಗೋಡೆಗೆ ದಪ್ಪ ಸ್ಪಂಜಿನ ಗಾದಿ ಒರಗಿಸಿರುತ್ತಾರೆ. ಓಡಿ ಬಂದವರು ಅದೇ ವೇಗದಲ್ಲಿ ಅದಕ್ಕೆ ಹೋಗಿ ಬೀಳಬೇಕು. ಒಡಿಶಾದಲ್ಲಿ ನಡೆದ ಆಯ್ಕೆಯ ಓಟದಲ್ಲಿ ರೇಣು ಮುಂದಿದ್ದಳು. ಕೊನೆಗೆ ಗೋಡೆ ಕಣ್ಣಿಗೆ ಬಿದ್ದಿದ್ದೇ ತಡ, ಗೆರೆ ಮುಟ್ಟುವ ಮೊದಲೇ ಅವಳ ಹೆಜ್ಜೆ ಬಿಗಿಯಿತು. ಇಬ್ಬರು ಅವಳನ್ನು ದಾಟಿಹೋದರು. ಹೇಗೋ ಕೊನೆಯ ಜಾಗದಲ್ಲಿ ಆಯ್ಕೆಯಾದಳು. "ಕಾಲಾಗ ಏನೂ ಕಡಿಮಿ ಇಲ್ಲ. ಎಲ್ಲಾರೂ ಗೆರಿ ನೋಡಿ ಓಡತಾರ, ಈಕಿ ಗೋಡೆ ನೋಡತಾಳ. ಇದೊಂದು ಬಿಡದಿದ್ರ ಅಲ್ಲಿ ಹೋಗಿ ಉಪಯೋಗ ಇಲ್ಲ."

ಕಾಡಪ್ಪನಿಗೆ ಇದು ತನ್ನ ಕಸುಬಿನ ಮೇಲೆ ಬಂದ ಮಾತು ಎನಿಸಿತು. "ಗ್ವಾಡಿ ಕಂಡ್ರ ನಿಂದರಬೇಕ್ರಿ. ಅದಕ್ಕ ಕಟ್ಟಿರತೇವಿ ನಾವು," ಎಂದ.

ಮೂಲೆಯಲ್ಲಿ ಕುಳಿತಿದ್ದ ರೇಣು ಉಗುರು ಕಚ್ಚುತ್ತಿದ್ದಳು.

ಅಂದಿನಿಂದ ಮರೆವ್ವನ ತಲೆಗೆ ಹುಳ ಹೊಕ್ಕಿತು. ಮಿಲ್ಲಿನಲ್ಲಿ ಹತ್ತಿ ಆರಿಸುವಾಗಲೂ ಅದೇ. ಆರಿಸುತ್ತ ಆರಿಸುತ್ತ ಒಂದು ಮಧ್ಯಾಹ್ನ ಅವಳು ತಲೆ ಎತ್ತಿ ಗೋದಾಮನ್ನು ಹೊಸದಾಗಿ ನೋಡಿದಳು. ಉದ್ದನೆಯ ತಗಡಿನ ಗೋದಾಮು. ಇತ್ತ ಲಾರಿ ಹೊಗುವಷ್ಟು ದೊಡ್ಡ ಬಾಗಿಲು, ಬಾಗಿಲ ಹೊರಗೆ ಸಿಮೆಂಟಿನ ಅಂಗಳ. ಅತ್ತ ಕೊನೆಗೆ ಗೋಡೆ. ಗೋಡೆಯ ಬುಡದಲ್ಲಿ ಮಂಡಿಯೆತ್ತರಕ್ಕೆ ಹತ್ತಿ.

"ಬಾಯವ್ವಾ," ಎಂದು ಪಕ್ಕದವಳನ್ನು ತಿವಿದಳು, "ಇದಕ್ಕ ಮ್ಯಾಲ ಛತ್ತು ಐತಿ ಹೌದಲ್ಲ?"

"ಇಲ್ಲದಿದ್ರ ಹತ್ತಿ ತೋಯತಿರಲಿಲ್ಲೇನ? ಇದೂ ಒಂದ ಪ್ರಶ್ನೆನಾ?" ಎಂದಳು ಬಾಯವ್ವ. ಮಿಲ್ಲಿನಲ್ಲಿ ಎಲ್ಲರಿಗಿಂತ ಹಿರಿಯಳು ಅವಳು.

ಮಿಲ್ಲಿನ ಮುನೀಮರು ಕೃಷ್ಣಾಜಿ. ಮನುಷ್ಯ ಒಳ್ಳೆಯವರು, ಆದರೆ 'ಇಲ್ಲ' ಎಂದು ಮೊದಲು ಹೇಳಿ ಆಮೇಲೆ ವಿಷಯ ಕೇಳುವವರು. ಸಂಜೆ ಕೆಲಸ ಬಿಟ್ಟ ಮೇಲೆ ಮಗಳು ಗೋದಾಮಿನಲ್ಲಿ ಓಡಬೇಕು ಎಂದಾಗಲೂ ಇಲ್ಲ ಎಂದರು. ವಿಷಯ ಕೇಳಿದ ಮೇಲೆ ಒಂದೇ ಮಾತು ಹಿಡಿದರು. "ಓಡಲಿ. ಹತ್ತಿಗೆ ಮಾತ್ರ ಬೂಟು ತಾಗಬಾರದು. ಹತ್ತಿ ಅಂದ್ರ ಲಕ್ಷ್ಮೀ." ಅದಕ್ಕೆ ಮರೆವ್ವನಲ್ಲೂ ಎದುರು ಮಾತಿರಲಿಲ್ಲ. ಆ ಗೋದಾಮಿನಲ್ಲಿ ಇಂದಿಗೂ ಹೆಂಗಸರು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ರಾಶಿಗೆ ಕೈಮುಗಿದು ಕೂರುತ್ತಾರೆ. ಓಡುವವಳು ಬೂಟು ಬಿಚ್ಚುವ ಹಾಗಿಲ್ಲ, ಬೂಟು ಹತ್ತಿಗೆ ತಾಗುವ ಹಾಗಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು.

ದಾರಿ ತೋರಿಸಿದವಳು ಬಾಯವ್ವ. "ಮುಚ್ಚಿಬಿಡೂಣು ಹತ್ತಿನ. ಕೌದಿ ಅದಾವಲ್ಲ," ಎಂದಳು. ಮರುದಿನ ಒಬ್ಬೊಬ್ಬ ಹೆಂಗಸೂ ಒಂದೊಂದು ಹಳೆಯ ಕೌದಿ ಹೊತ್ತು ತಂದಳು. ಹತ್ತಿ ತುಂಬಿದ ಅಂಡಿಗೆ ಚೀಲಗಳನ್ನು ಗೋಡೆಗೆ ಆನಿಸಿ, ತೊಲೆಯಿಂದ ಕೌದಿಗಳನ್ನು ಇಳಿಬಿಟ್ಟರು. ಸಂಜೀವ ಬಂದು ಅಳತೆ ಹಿಡಿದು, ಅಂಗಳದಲ್ಲಿ ಓಟದ ಆರಂಭಕ್ಕೊಂದು, ಒಳಗೆ ಕೊನೆಗೊಂದು ಸುಣ್ಣದ ಗೆರೆ ಎಳೆದರು. ಬಯಲಲ್ಲಿ ಹೊರಟು ಕೌದಿಯಲ್ಲಿ ಮುಗಿಯುವ ಅಂಥ ಓಟದ ದಾರಿ ಇನ್ನೆಲ್ಲಾದರೂ ಇದ್ದರೆ ಮರೆವ್ವನಿಗೆ ತಿಳಿಸಿ, ಅವಳು ಹೋಗಿ ನೋಡಿಬರುತ್ತಾಳೆ.

ಇಷ್ಟೆಲ್ಲ ಆದರೂ ರೇಣು ನಿಂತಳು. ಓಡಿ ಬಂದಳು, ಗೆರೆಯ ಹತ್ತಿರ ಕಾಲು ತಾನಾಗಿ ಬಿಗಿಯಿತು, ಕೌದಿಯ ಮುಂದೆ ಬಂದು ಮದುವಣಗಿತ್ತಿಯ ಹಾಗೆ ನಿಂತಳು. ಇನ್ನೊಮ್ಮೆ ಓಡಿದಳು, ಮತ್ತೆ ನಿಂತಳು. ದಿನಕ್ಕೆ ಹಲವು ಸಲ ಹೀಗೇ ನಡೆಯಿತು. ಸಂಜೀವರು ಸಮಾಧಾನದಿಂದ ಹೇಳಿದರು, ಆಮೇಲೆ ಗದರಿದರು, ಆಮೇಲೆ ಸೀಟಿಯನ್ನು ಜೇಬಿಗಿಟ್ಟು ಹೊರಗೆ ಹೋಗಿ ನಿಂತರು. ಮಗಳ ಕಣ್ಣಲ್ಲಿ ನೀರು ತುಂಬಿದ್ದನ್ನು ಮರೆವ್ವ ನೋಡಿದಳು. ಅದರ ಹಿಂದೆಯೇ ಅವಳಲ್ಲಿ ಪ್ರಶ್ನೆ ಎದ್ದಿತು. ಹಾಗೆ ಓಡಿಬಂದು ಬಿದ್ದರೆ ಏನಾಗುತ್ತದೆ?

"ಸರೀಬೇ ಎಲ್ಲಾರೂ. ನಾ ಒಮ್ಮಿ ನೋಡತೇನಿ," ಎಂದವಳೇ ಅಂಗಳಕ್ಕೆ ನಡೆದಳು.

ಸೆರಗು ಬಿಗಿದು, ನೆರಿಗೆ ಎತ್ತಿ ಕಚ್ಚೆ ಹಾಕಿದಳು. ಹೆಂಗಸರು ಕೇಕೆ ಹಾಕಿದರು. ಕೃಷ್ಣಾಜಿ "ಇಲ್ಲ" ಎಂದರು, ಯಾರೂ ಕೇಳಲಿಲ್ಲ. ಐವತ್ತರ ಹತ್ತಿರದ ಹೆಂಗಸು, ಮೊಣಕಾಲಲ್ಲಿ ನೋವು, ಬರಿಗಾಲು. ಓಡಿದಳು. ಬಾಗಿಲು ದಾಟಿದಳು, ಗೆರೆ ದಾಟಿದಳು, ಕೌದಿಯೊಳಗೆ ಧಪ್ಪೆಂದು ಬಿದ್ದಳು. ಮೇಲಿನ ಅಂಡಿಗೆಯೊಂದು ಜಾರಿತು, ಒಂದು ಕೌದಿ ಕಳಚಿ ಅವಳ ಮೇಲೆಯೇ ಕುಸಿಯಿತು.

ಕೌದಿಯ ಒಳಗಿನಿಂದ ದನಿ ಬಂತು. "ಏನೂ ಆಗೂದಿಲ್ಲಬೇ!"

ಕೂದಲ ತುಂಬ ಹತ್ತಿ ಮೆತ್ತಿಕೊಂಡು ಅವಳು ಹೊರಗೆ ಬಂದಾಗ ರೇಣು ಅಳುವುದನ್ನು ಬಿಟ್ಟು ನಗುತ್ತಿದ್ದಳು. ಮರೆವ್ವ ಏದುಸಿರು ಬಿಡುತ್ತ ಮಗಳ ಹತ್ತಿರ ಕುಳಿತಳು. "ಬಿದ್ದ ಮ್ಯಾಲ ಏನೂ ಇಲ್ಲ. ಆದ್ರ ಗ್ವಾಡಿ ಹತ್ರ ಬರೂಮುಂದ ಯಾರೋ ಹೊಟ್ಟ್ಯಾಗ ಥಣ್ಣನ ಕೈ ಇಟ್ಟಂಗ ಆತು ನೋಡು. ನಿನಗೂ ಹಂಗ ಆಗತೈತೇನು?"

"ಹೂಂ."

"ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ಲ?"

"ನೀ ಕೇಳಲೇ ಇಲ್ಲಲ್ಲ, ಅವ್ವಾ."

ಡ್ರೈವರನನ್ನು ಕೇಳಿದವಳು, ಬೀಗರನ್ನು ಕೇಳಿದವಳು, ಛತ್ತು ಎಷ್ಟೆತ್ತರ, ಹಿಮ ಎಷ್ಟು ಬೀಳುತ್ತದೆ, ಗಾದಿಯೊಳಗೆ ಏನು ತುಂಬಿರುತ್ತಾರೆ ಎಂದು ಸಂಜೀವರ ಜೀವ ತಿಂದವಳು, ಮಗಳನ್ನು ಮಾತ್ರ ನಿನಗೆ ಏನಾಗುತ್ತದೆ ಎಂದು ಕೇಳಿರಲಿಲ್ಲ. ಮರೆವ್ವನಿಗೆ ಅದು ಚುಚ್ಚಿತು. ಮಗಳ ಬೆನ್ನು ಸವರಿದಳು. ಆಮೇಲೆ, "ಅದು ಹೆದರಿಕಿನಬೇ. ನನಗೂ ಆತಲ್ಲ. ಆದ್ರೂ ಕಾಲು ಓಡಿದ್ವು," ಎಂದಳು.

ಆ ಸಂಜೆ ರೇಣು ಮೊದಲ ಸಲ ಕೌದಿಗೆ ಹೋಗಿ ಬಿದ್ದಳು. ಆಮೇಲಿನ ದಿನಗಳಲ್ಲಿ ಹೆಚ್ಚಿನ ಸಲ ಬಿದ್ದಳು, ಕೆಲವು ಸಲ ನಿಂತಳು. ಹೊರಡುವ ಹಿಂದಿನ ದಿನವೂ ಒಮ್ಮೆ ನಿಂತಳು. ಬರ್ಫಿನ ಊರಿನಲ್ಲಿ ಬೀಳುತ್ತಾಳೋ ನಿಲ್ಲುತ್ತಾಳೋ, ಹೇಳುವ ಧೈರ್ಯ ಸಂಜೀವರಿಗೂ ಇರಲಿಲ್ಲ.

ಆ ಊರಿನ ಚಳಿಗೆಂದು ಮರೆವ್ವ ಒಂದು ಸಣ್ಣ ಕೌದಿ ಹೊಲಿದಳು. ತನ್ನ ಧಾರೆಸೀರೆಯ ಪದರ ಒಳಗಿಟ್ಟಳು. ತಿನ್ನುವ ವಸ್ತು ಆ ದೇಶಕ್ಕೆ ಒಯ್ಯಬಾರದು ಎಂದು ಸಂಜೀವ ಹೇಳಿದ್ದರಿಂದ ಮಗಳ ಬ್ಯಾಗು ತಾನೇ ಹುಡುಕಿ ಶೇಂಗಾ ಚಟ್ನಿ ತೆಗೆದಳು, ಕರದಂಟು ತೆಗೆದಳು, ಕಾಡಪ್ಪ ಕದ್ದು ಇಟ್ಟಿದ್ದ ಉಪ್ಪಿನಕಾಯಿಯ ಡಬ್ಬಿಯನ್ನೂ ತೆಗೆದಳು. ಆದರೆ ಕೌದಿಯ ಹೊಟ್ಟೆಯಲ್ಲಿ ಇಟ್ಟ ಹೋಳಿಗೆಯ ಚೂರು ತಿನಿಸು ಎಂದು ಅವಳ ಲೆಕ್ಕಕ್ಕೇ ಬರಲಿಲ್ಲ. ಹೇಗೆ ಬಂದೀತು? ಅದು ನಾವು ತಿನ್ನುವುದಲ್ಲ, ಕೌದಿ ಉಂಡಿದ್ದು.

ಬರ್ಫಿನ ಊರಿನ ವಿಮಾನ ನಿಲ್ದಾಣದ ನಾಯಿಗೆ ಈ ಭೇದ ತಿಳಿಯಲಿಲ್ಲ. ರೇಣುವಿನ ಬ್ಯಾಗು ಮೂಸಿದ್ದೇ ಅದರ ಪಕ್ಕ ಕುಳಿತುಬಿಟ್ಟಿತು. ಅಧಿಕಾರಿಗಳು ಬಂದರು, ಕೈಗವಸು ತೊಟ್ಟು ಕೌದಿಯನ್ನು ಒತ್ತಿ ನೋಡಿದರು, ಮೂಲೆಯನ್ನು ಕತ್ತರಿಸಿ ಹೋಳಿಗೆಯ ಚೂರನ್ನು ಇಕ್ಕಳದಲ್ಲಿ ಎತ್ತಿದರು. ತಂಡದ ಮ್ಯಾನೇಜರ್ ಹೆಂಗಸು ಕೈ ಬಾಯಿ ಆಡಿಸಿ ತಿಳಿಸಿ ಹೇಳಿದ ಮೇಲೆ ಹೋಳಿಗೆಯನ್ನು ಕಸಕ್ಕೆ ಹಾಕಿ ಕೌದಿಯನ್ನು ಮರಳಿ ಕೊಟ್ಟರು. ಇದನ್ನು ರೇಣು ಫೋನಿನಲ್ಲಿ ನಗುತ್ತ ಹೇಳಿದಳು. ಮರೆವ್ವನಿಗೆ ನಗು ಬರಲಿಲ್ಲ.

"ಹೊಟ್ಟಿ ಬಿಚ್ಚಿದ ಕೌದಿ ಹೊದಿಬಾರದಬೇ. ಲಗೂನ ಹೊಲಿ. ಅನ್ನದ ಅಗಳರ ತುಂಬು."

"ಅವಸರ ಮಾಡಬ್ಯಾಡವ್ವಾ. ಓಟ ಮುಗೀಲಿ, ಆಮ್ಯಾಲ ತುಂಬತೇನಿ."

"ಏನ್ ತುಂಬತಿ?"

"ನೋಡೂಣಲ್ಲ," ಎಂದಳು ರೇಣು. ಅದು ತಾಯಿ ಸದಾ ಆಡುವ ಮಾತು. ತನ್ನ ಮಾತು ತನಗೇ ಮರಳಿ ಬಂದರೆ ಎಷ್ಟು ಕಿರಿಕಿರಿ ಎಂದು ಮರೆವ್ವನಿಗೆ ಅಂದು ಗೊತ್ತಾಯಿತು.

ಓಟದ ದಿನ ಮಧ್ಯಾಹ್ನ ಗೋದಾಮಿನಲ್ಲಿ ಕೆಲಸ ನಿಂತಿತು. ಕೃಷ್ಣಾಜಿ ಇಲ್ಲ ಎನ್ನುವುದನ್ನೂ ಮರೆತು ತಮ್ಮ ಕುರ್ಚಿಯನ್ನೇ ತಂದು ಹಾಕಿದರು. ಅದರ ಮೇಲೆ ಸಂಜೀವರ ಫೋನು, ಸುತ್ತಲೂ ಹೆಂಗಸರು, ಹಿಂದೆ ಕೈಗೆ ಸಿಮೆಂಟು ಮೆತ್ತಿದ ಕಾಡಪ್ಪ. ಪರದೆಯ ಮೇಲೆ ಹುಡುಗಿಯರು ಸಾಲಾಗಿ ಬಗ್ಗಿದ್ದರು. ಈ ಕೊನೆಯಿಂದ ಎರಡನೆಯವಳು ರೇಣು. ಮೊದಲ ಸುತ್ತು. ಇದರಲ್ಲಿ ಮುಂದೆ ಬಂದವರಿಗೆ ಫೈನಲ್.

ಪಿಸ್ತೂಲು ಢಂ ಎಂದಿತು. ಕೂಗಬೇಕು ಎಂದು ಬಾಯವ್ವ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಓಟವೇ ಮುಗಿದಿತ್ತು. ಮರೆವ್ವ ಕಣ್ಣು ಮಿಟುಕಿಸಿರಲಿಲ್ಲ. ರೇಣು ಗೆರೆ ದಾಟಿದಳು. ದಾಟಿದ ಕೂಡಲೇ ಕ್ಯಾಮೆರಾ ಗೆದ್ದ ಹುಡುಗಿಯ ಮುಖಕ್ಕೆ ಹೋಗಿ ಅಲ್ಲೇ ಅಂಟಿಕೊಂಡಿತು.

"ನಾಲ್ಕನೇದವಳು," ಎಂದರು ಸಂಜೀವ. ಸ್ವಲ್ಪ ಹೊತ್ತು ಕಾದು, "ಫೈನಲ್ ಇಲ್ಲ," ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೆಂಗಸರು ಲೊಚಗುಟ್ಟಿದರು. ಕಾಡಪ್ಪ ಕೈಯ ಸಿಮೆಂಟನ್ನು ಉಜ್ಜತೊಡಗಿದ.

"ಗ್ವಾಡಿ?" ಎಂದಳು ಮರೆವ್ವ. "ಗ್ವಾಡಿ ಎಲ್ಲೈತ್ರಿ? ಬಿದ್ದಳೋ, ನಿಂತಳೋ?"

"ತೋರಿಸಲಿಲ್ಲವಾ."

"ಯಾಕ ತೋರಿಸಲಿಲ್ಲ? ಗೆದ್ದಾಕಿ ಮುಖಾ ಎಲ್ಲಿ ಓಡಿ ಹೋಗತಿತ್ತು? ಇನ್ನೊಮ್ಮೆ ಹಾಕ್ರಿ."

ಇನ್ನೊಮ್ಮೆ ಹಾಕಿದರೂ ಅದೇ ಮುಖ. ಸಂಜೀವ ಫಲಿತಾಂಶದ ಪಟ್ಟಿ ತೆರೆದು ನೋಡಿ, ರೇಣು ಇಷ್ಟು ವೇಗವಾಗಿ ಹಿಂದೆಂದೂ ಓಡಿರಲಿಲ್ಲ ಎಂದು ಖುಷಿಯಿಂದ ಹೇಳಿದರು. ಮರೆವ್ವನಿಗೆ ಅದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಮಾತಿನಂತೆ ಕೇಳಿಸಿತು. ಅವಳಿಗೆ ಬೇಕಾದದ್ದು ಕಾಲದ ಲೆಕ್ಕವಲ್ಲ. ಆ ತಣ್ಣನೆಯ ಕೈ ಹೊಟ್ಟೆ ಮುಟ್ಟಿದಾಗ ಮಗಳು ಏನು ಮಾಡಿದಳು ಎಂಬುದು.

ಸಂಜೆ ರೇಣುವಿನ ಫೋನು ಬಂತು. ಹಿಂದೆ ಬಹಳ ಗದ್ದಲ, ಮಾತು ತುಂಡು ತುಂಡು. ಅವ್ವನ ಪ್ರಶ್ನೆ ಅವಳಿಗೆ ಮುಟ್ಟಿತೋ ಇಲ್ಲವೋ, ಸ್ಪಷ್ಟವಾಗಿ ಬಂದದ್ದು ಒಂದೇ ಮಾತು. "ಕೌದಿ ಹೊಟ್ಟಿ ತುಂಬೇನಿ, ಅವ್ವಾ. ಇವತ್ತ ಹೊಲಿದು ಮುಚ್ಚಿದೆ." ಅಷ್ಟರಲ್ಲಿ ಫೋನು ಕಡಿದುಹೋಯಿತು.

ಮಗಳು ಮನೆಗೆ ಬರುವವರೆಗೆ ಮರೆವ್ವ ಹೇಗಿದ್ದಳೋ ಕಾಡಪ್ಪನನ್ನು ಕೇಳಬೇಕು. ಅವನು ದಿನಾ ಬೇಗ ಕೆಲಸಕ್ಕೆ ಹೋಗಿ ತಡವಾಗಿ ಬಂದ.

ರೇಣು ಬಂದಳು. ಓಣಿಯವರೆಲ್ಲ ನೋಡಿ ಹೋದ ಮೇಲೆ ಮರೆವ್ವ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಮೂಲೆಯ ಹೊಸ ಹೊಲಿಗೆ ಸೊಟ್ಟಗಿತ್ತು, ಆದರೆ ಗಟ್ಟಿಯಾಗಿತ್ತು. ಬೆರಳಿನಿಂದ ಒತ್ತಿದಳು. ರೊಟ್ಟಿಯಾದರೆ ಮುರಿಯಬೇಕು, ಅಗಳಾದರೆ ಜಾರಬೇಕು, ಹತ್ತಿಯಾದರೆ ಒತ್ತಿದಲ್ಲೇ ಕೂರಬೇಕು. ಇದು ತಗ್ಗಿತು, ಬೆರಳು ತೆಗೆದ ಕೂಡಲೇ ಮೇಲೆದ್ದಿತು. ಮತ್ತೆ ಒತ್ತಿದಳು, ಮತ್ತೆ ಎದ್ದಿತು. ಅವಳ ಕಣ್ಣು ಗೋಡೆಯ ಗೂಡಿನಲ್ಲಿದ್ದ ಕತ್ತರಿಯ ಕಡೆಗೆ ಹೋಯಿತು. ಮುಚ್ಚಿದ ಹೊಟ್ಟೆ ಬಿಚ್ಚಬಾರದು ಎಂಬ ಮಾತಿಗೆ ಅವಳು ಹಿಂದೆಂದೂ ಇಷ್ಟು ಸಿಟ್ಟಾಗಿರಲಿಲ್ಲ.

"ಏನ್ ತುಂಬೀದಿಬೇ ಇದರಾಗ?"

ರೇಣು ಅಂಗಿಯ ತೋಳು ಮೇಲಕ್ಕೆ ಸರಿಸಿದಳು. ಭುಜದ ಮೇಲೆ ಅಂಗೈಯಗಲದ ಬಾವು ಕಪ್ಪಾಗಿ ಹಳದಿಗೆ ತಿರುಗಿತ್ತು.

"ಗ್ವಾಡಿ," ಎಂದಳು. "ಗಾದಿ ಹೊಲಿಗಿ ಬಿಚ್ಚಿತ್ತು, ಅವ್ವಾ. ನಾ ಹೋಗಿ ಬಿದ್ದಲ್ಲೇ ಒಳಗಿನ ಸ್ಪಂಜು ಹೊರಗ ಬಂದಿತ್ತು. ಒಂದ ಚೂರ ಹರಕೊಂಡ ಬಂದೆ."

ಮರೆವ್ವ ಬಾವನ್ನು ನೋಡಿದಳು, ಕೌದಿಯನ್ನು ನೋಡಿದಳು. ಮಗಳ ಭುಜದ ಮೇಲೆ ನೋಯದ ಹಾಗೆ ಕೈ ಇಟ್ಟಳು. ಕತ್ತರಿ ಗೂಡಿನಲ್ಲೇ ಉಳಿಯಿತು.

ಅಷ್ಟಾದ ಮೇಲೆ ಕೇಳಿದಳು. "ಆ ಥಣ್ಣನ ಕೈ ಬಂದಿತ್ತೇನು?"

"ಬಂದಿತ್ತು."

"ಮತ್ತ?"

"ಕಾಲು ಓಡಿದ್ವು," ಎಂದಳು ರೇಣು.